ಮೂರನೆಯ ಪೆಟ್ಟಿಗೆ

ಸುಂಕದ ಇಲಾಖೆಯ ಉಗ್ರಾಣದಲ್ಲಿ ಮರದ ಮೂರು ಪೆಟ್ಟಿಗೆಗಳ ಮುಚ್ಚಳ ಕಿತ್ತು ಗೋಡೆಗೆ ಆನಿಸಿದ್ದರು. ಮೊದಲನೆಯದರಲ್ಲಿ ಕೊಪ್ಪರಿಗೆ ಇತ್ತು. ದಪ್ಪ ಆಳೊಬ್ಬ ಒಳಗಿಳಿದು ಚಕ್ಕಳಮಕ್ಕಳ ಹಾಕಿ ಕೂರಬಹುದಾದಷ್ಟು ದೊಡ್ಡದು, ಮುಖ ಕಾಣುವ ಹಾಗೆ ಹೊಳೆಯುವ ಉಕ್ಕಿನದು. ಎರಡನೆಯದರಲ್ಲಿ ಅದನ್ನು ಹೊರುವ ಕಬ್ಬಿಣದ ಕಾಲುಗಳು, ಅದನ್ನು ಬಾಗಿಸುವ ಹಲ್ಲುಚಕ್ರ, ಕೈಯಲ್ಲಿ ತಿರುಗಿಸುವ ಗಾಲಿ. ಮೂರನೆಯದರಲ್ಲಿ ಕಾವನ್ನು ಹತೋಟಿಯಲ್ಲಿಡುವ ಕರೆಂಟಿನ ಡಬ್ಬಿ, ಒತ್ತಡ ಮೀರಿದರೆ ಹಬೆಯನ್ನು ಹೊರಬಿಡುವ ವಾಲ್ವ್.

ಪೆಟ್ಟಿಗೆಗಳ ಮುಂದೆ ನಿಂತಿದ್ದ ಹೆಂಗಸನ್ನು ಅವಳ ಅಡುಗೆಮನೆಯಲ್ಲಿ ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ದೊಡ್ಡ ಆಸ್ಪತ್ರೆಯೊಂದಕ್ಕೆ ದಿನವೂ ಊಟ ಕಳಿಸುವ ಅಡುಗೆಮನೆ ಅದು. ಅವಳ ಪಕ್ಕದಲ್ಲಿ ಅವಳ ತಮ್ಮ ನಿಂತಿದ್ದ. ಹೊರದೇಶದಿಂದ ಬಂದ ಸರಕಿಗೆ ಸುಂಕ ಕಟ್ಟಿಸಿ ಬಿಡಿಸಿಕೊಡುವುದು ಅವನ ಕಸುಬು. ಅದಕ್ಕೆ ಇಲಾಖೆಯೇ ಕೊಟ್ಟ ಲೈಸೆನ್ಸು ಅವನಲ್ಲಿತ್ತು. ಸರಕಿನ ಮಾಲೀಕರೇ ಬಂದು ನಿಲ್ಲಬೇಕು ಎಂದು ಅಧಿಕಾರಿ ಹೇಳಿಕಳಿಸಿದ್ದಕ್ಕೆ ದೊಡ್ಡಕ್ಕ ಬಂದಿದ್ದಳು. ಬರುವ ದಾರಿಯುದ್ದಕ್ಕೂ ತಮ್ಮ, "ನೀನು ಸುಮ್ನೆ ನಿಂತ್ಕೋ ಅಕ್ಕ, ಮಾತು ನಂದು" ಎಂದು ಹೇಳುತ್ತಲೇ ಇದ್ದ. ಏಕೆ ಎಂದು ಅವಳು ಕೇಳಿರಲಿಲ್ಲ. ಕಚೇರಿಗಳಲ್ಲಿ ಮಾತಾಡುವುದು ಅವನ ಕೆಲಸ, ಮಾತಾಡಲಿ ಎಂದುಕೊಂಡಿದ್ದಳು.

ಅಧಿಕಾರಿ ಪೆನ್ನಿನ ಹಿಂದುಗಡೆಯಿಂದ ಕೊಪ್ಪರಿಗೆಯನ್ನು ಒಮ್ಮೆ ತಟ್ಟಿದ.

"ಇದು ಏನಮ್ಮ?"

"ಕೊಪ್ಪರಿಗೆ ಸಾರ್."

"ಅಂದ್ರೆ ಪಾತ್ರೆ?"

"ಬರೀ ಪಾತ್ರೆ ಅಲ್ಲ ಸಾರ್!" ದೊಡ್ಡಕ್ಕನಿಗೆ ಹುರುಪು ಬಂದುಬಿಟ್ಟಿತು. ಈ ಸಾಮಾನಿಗಾಗಿ ಎಷ್ಟು ದಿನದಿಂದ ಕಾದಿದ್ದಳು. "ನೋಡಿ, ಇದಕ್ಕೆ ಎರಡು ಗೋಡೆ ಇದೆ. ನಡುವೆ ಹಬೆ ತುಂಬತ್ತೆ. ಒಲೆ ಬೇಡ, ಬೆಂಕಿ ಬೇಡ. ತಳ ಹಿಡಿಯಲ್ಲ. ಬೆಂದ ಮೇಲೆ ಯಾರೂ ಎತ್ತಿ ಇಳಿಸೋ ಹಾಗಿಲ್ಲ, ಆ ಗಾಲಿ ತಿರುಗಿಸಿದ್ರೆ ತಾನೇ ಬಾಗಿ ಸುರಿಯತ್ತೆ, ಮಗು ಚೊಂಬು ಬಗ್ಗಿಸಿ ನೀರು ಸುರಿದ ಹಾಗೆ."

ತಮ್ಮ ಕೆಮ್ಮಿದ.

"ಮತ್ತೆ ಆ ಮೂರನೇ ಪೆಟ್ಟಿಗೆ?" ಅಧಿಕಾರಿ ಬರೆದುಕೊಳ್ಳುತ್ತ ಕೇಳಿದ.

"ಅದೇ ಸಾರ್ ಇದರ ತಲೆ. ಕಾವು ಜಾಸ್ತಿಯಾದ್ರೆ ತಾನೇ ಆರಿಸತ್ತೆ. ಹಬೆ ಜಾಸ್ತಿಯಾದ್ರೆ ವಾಲ್ವ್ ತೆರೆಯತ್ತೆ. ಅದಿಲ್ದೆ ಇದನ್ನ ಹಚ್ಚಿದ್ರೆ ಬಾಂಬ್ ಇಟ್ಕೊಂಡ ಹಾಗೆ."

ತಮ್ಮ ಅವಳ ಮೊಣಕೈಯ ಹತ್ತಿರ ಚಿವುಟಿದ. ದೊಡ್ಡಕ್ಕ ಆ ಜಾಗಕ್ಕೆ ಪಟ್ಟನೆ ಹೊಡೆದುಕೊಂಡು, "ಎಂಥ ಸೊಳ್ಳೆ ಸಾರ್ ನಿಮ್ಮ ಉಗ್ರಾಣದಲ್ಲಿ" ಅಂದಳು.

"ಅಂದ್ರೆ ಮೂರೂ ಸೇರಿ ಒಂದೇ ಯಂತ್ರ. ಮನೇಲಿ ಬಳಸೋದಲ್ಲ."

"ಇದನ್ನ ಮನೇಲಿಟ್ರೆ ಮನೆಯವರು ಬೀದೀಲಿ ಮಲಗ್ಬೇಕು ಸಾರ್."

ಅಧಿಕಾರಿ ನಕ್ಕ. ಆದರೆ ಅವನು ನಕ್ಕದ್ದು ಅವಳನ್ನು ನೋಡಿ ಅಲ್ಲ, ತಮ್ಮನನ್ನು ನೋಡಿ. ಪೆನ್ನಿನ ಮುಚ್ಚಳ ಹಾಕಿ, "ಬಹಳ ಉಪಕಾರವಾಯ್ತಮ್ಮ. ನೀವು ಹೇಳಿದ್ದೇ ಸಾಕು" ಎಂದು ಹೊರಟುಹೋದ.

ಹೊರಗಿನ ಉದ್ದನೆಯ ಮೊಗಸಾಲೆಗೆ ಬಂದ ಮೇಲೆ ತಮ್ಮ, ತಲೆಯ ಮೇಲೆ ಕೈಹೊತ್ತು ಬೆಂಚಿನ ಮೇಲೆ ಕುಸಿದ.

"ಹಾಳು ಮಾಡ್ಬಿಟ್ಟೆಯಲ್ಲ ಅಕ್ಕ. ಬಾಯಿ ಮುಚ್ಕೊಂಡಿರು ಅಂತ ಬಡ್ಕೊಂಡೆ."

"ನಾನೇನು ಇಲ್ಲದ್ದು ಹೇಳಿದ್ನಾ?"

"ಇದ್ದಿದ್ದು ಹೇಳಿದ್ದೇ ತೊಂದರೆ."

ಆಮೇಲೆ ಅವನು ಬಿಡಿಸಿ ಹೇಳಿದ. ಸುಂಕದ ಪಟ್ಟಿಯಲ್ಲಿ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಇರುತ್ತದೆ. ಸ್ಟೀಲ್ ಪಾತ್ರೆಗೆ ಒಂದು, ಕಬ್ಬಿಣದ ಸ್ಟ್ಯಾಂಡಿಗೆ ಇನ್ನೊಂದು, ಕರೆಂಟಿನ ಬಿಡಿಭಾಗಕ್ಕೆ ಮತ್ತೊಂದು. ಹೋಟೆಲು, ಆಸ್ಪತ್ರೆಗಳಲ್ಲಿ ಅಡುಗೆ ಬೇಯಿಸುವ ಯಂತ್ರಕ್ಕೆ ಬೇರೆಯದೇ ಸಂಖ್ಯೆ. ಅದಕ್ಕೆ ಸುಂಕವೂ ಹೆಚ್ಚು, ಬಿಡುಗಡೆಗೆ ಮೊದಲು ಸುರಕ್ಷತಾ ಪರೀಕ್ಷೆಯೂ ಆಗಬೇಕು. ಬಿಡಿಬಿಡಿಯಾಗಿ ಬಂದರೂ ಸೇರಿದಾಗ ಏನಾಗುತ್ತದೋ ಅದನ್ನೇ ತೋರಿಸಬೇಕು ಎಂಬುದು ನಿಯಮ. ಅವನು ಈ ಮೂರು ಪೆಟ್ಟಿಗೆಗಳನ್ನು ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಸಾಮಾನು ಎಂದು ತೋರಿಸಿದ್ದ. ಅದನ್ನು ಅವಳಿಗೆ ಹೇಳಿರಲಿಲ್ಲ.

"ಬೇಗ ಬಿಡಿಸು, ಬೇಗ ಬಿಡಿಸು ಅಂತ ನನ್ನ ತಲೆ ತಿಂದಿದ್ದು ಯಾರು? ನೀನೇ ತಾನೆ?" ಅಂದ.

"ಬೇಗ ಅಂದೆ. ಸುಳ್ಳು ಹೇಳು ಅಂದ್ನಾ?"

"ಇದಕ್ಕೆ ಸುಳ್ಳು ಅನ್ನಲ್ಲ ಅಕ್ಕ. ವಿಂಗಡಣೆ ಅಂತಾರೆ. ಯಾವುದನ್ನ ಯಾವ ಸಾಲಲ್ಲಿ ಇಡ್ತೀವಿ ಅನ್ನೋದು ನಮ್ಮ ಜಾಣತನ."

"ಕತ್ತೆಗೆ ಹಸು ಅಂತ ಹೆಸರಿಟ್ಟು ಹಾಲು ಕರೆಯೋಕೆ ಕೂತ್ರೆ ಅದು ವಿಂಗಡಣೆನಾ? ನನ್ನ ಹೆಸರಲ್ಲಿ ಬಂದಿರೋ ಸಾಮಾನು ಕಣೋ ಅದು! ನಿನ್ನ ಜಾಣತನಕ್ಕೆ ನನ್ನ ಹೆಸರೇ ಬೇಕಾಗಿತ್ತಾ?"

ಮೊಗಸಾಲೆಯಲ್ಲಿ ಸಾಲಾಗಿ ಕಾದು ಕುಳಿತವರೆಲ್ಲ ತಿರುಗಿ ನೋಡಿದರು. ತಮ್ಮ ಎದ್ದು, "ಎಲ್ಲರೂ ಹೀಗೇ ಮಾಡೋದು. ಸರಿ ಮಾಡ್ತೀನಿ ಬಿಡು" ಎಂದು ಮೆಟ್ಟಿಲಿಳಿದ. ದೊಡ್ಡಕ್ಕ ಆ ದಿನ ಅವನ ಕಾರಿನಲ್ಲಿ ಮನೆಗೆ ಬರಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಬಂದಳು. ಮೈಯೆಲ್ಲ ಉರಿಯುತ್ತಿತ್ತು.

ಆ ಕೊಪ್ಪರಿಗೆಯನ್ನು ಅವಳು ಹುಚ್ಚಿಗೆ ತರಿಸಿದ್ದಲ್ಲ. ಅವಳ ಅಡುಗೆಮನೆಯ ಹಿರಿಯ ಅಡುಗೆಯವನಿಗೆ ಗುಡುಗು ಎಂದು ಅಡ್ಡಹೆಸರು. ಉಪ್ಪು ಕೇಳಿದರೂ ಬೀದಿಯ ಆ ತುದಿಗೆ ಕೇಳಿಸಬೇಕು, ಅಂಥ ಗಂಟಲು. ಹಿಂದಿನ ವರ್ಷ ಒಂದು ಬೆಳಿಗ್ಗೆ ಅವನೂ ಇನ್ನೊಬ್ಬನೂ ಕುದಿಯುವ ಗಂಜಿಯ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಿದ್ದಾಗ ಇನ್ನೊಬ್ಬನ ಕೈಯ ಬಟ್ಟೆ ಜಾರಿತು. ಪಾತ್ರೆ ವಾಲಿ ಗಂಜಿಯೆಲ್ಲ ಗುಡುಗಿನ ತೊಡೆಯಿಂದ ಪಾದದವರೆಗೆ ಇಳಿಯಿತು. ನೀರಾದರೆ ಹರಿದುಹೋಗುತ್ತದೆ, ಗಂಜಿ ಹಾಗಲ್ಲ, ಮೈಗೆ ಅಂಟಿಕೊಂಡು ಅಲ್ಲೇ ಬೇಯಿಸುತ್ತದೆ. ಅಷ್ಟು ದೊಡ್ಡ ಗಂಟಲಿನವನ ಬಾಯಿಂದ ಆ ದಿನ ಸದ್ದೇ ಹೊರಡಲಿಲ್ಲ. ಬಾಯಿ ತೆರೆದುಕೊಂಡು ಗೋಡೆಗೊರಗಿ ನಿಂತೇ ಇದ್ದ. ದೊಡ್ಡಕ್ಕ ತಣ್ಣೀರು ಸುರಿಯುತ್ತ, ಅವನ ಪ್ಯಾಂಟನ್ನು ಕತ್ತರಿಯಿಂದ ಸೀಳುತ್ತ, ತಾನೇ ಕಿರುಚಿದ್ದಳು. ಊಟ ಕಳಿಸುತ್ತಿದ್ದ ಆಸ್ಪತ್ರೆಯಲ್ಲೇ ಅವನು ತಿಂಗಳುಗಟ್ಟಲೆ ಮಲಗಿದ. ಈಗ ಕುಂಟುತ್ತ ಬಂದು ಎತ್ತರದ ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತಾನೆ, ಅಲ್ಲಿಂದಲೇ ಎಲ್ಲರನ್ನೂ ಬೈಯುತ್ತಾನೆ. ಪಾತ್ರೆ ಎತ್ತುವ ಹೊತ್ತಿಗೆ ಮಾತ್ರ ಮುಖ ತಿರುಗಿಸುತ್ತಾನೆ.

ಮನೆಗೆ ಬಂದರೆ ಅಮ್ಮನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಅಮ್ಮ ದೊಡ್ಡಕ್ಕನ ಜೊತೆಗೇ ಇದ್ದಳು, ಆದರೆ ಅವಳ ಕಿವಿ ಯಾವಾಗಲೂ ಮಗನ ಫೋನಿಗೆ ಅಂಟಿಕೊಂಡಿರುತ್ತಿತ್ತು.

"ನಿನಗೋಸ್ಕರ ತಾನೆ ಅವನು ಅಷ್ಟೆಲ್ಲ ಮಾಡಿದ್ದು? ಹೊರಗಿನವರಾದ್ರೆ ಯಾರು ಮಾಡ್ತಾರೆ?"

"ಹೊರಗಿನವರಾದ್ರೆ ನನ್ನ ಕೇಳಿ ಮಾಡ್ತಿದ್ರು ಅಮ್ಮ."

"ಒಡಹುಟ್ಟಿದವನ ಮೇಲೆ ಇಷ್ಟು ಸಿಟ್ಟು ಒಳ್ಳೇದಲ್ಲ ಕಣೆ."

"ಒಡಹುಟ್ಟಿದವನ ಮೇಲಲ್ದೆ ದಾರಿಹೋಕನ ಮೇಲೆ ಸಿಟ್ಟು ಮಾಡ್ಕೊಳ್ಳಾ?" ಎಂದು ದೊಡ್ಡಕ್ಕ ತಟ್ಟೆ ಸರಿಸಿ ಎದ್ದಳು.

ಕೆಲವು ದಿನ ಕಳೆದ ಮೇಲೆ ತಮ್ಮ ಫೋನು ಮಾಡಿದ. ದನಿಯಲ್ಲಿ ಹಳೆಯ ಗೆಲುವು ಮರಳಿತ್ತು. "ಎಲ್ಲ ಸರಿಯಾಯ್ತು ಅಕ್ಕ. ನಾಳೆ ಲಾರಿ ತಗೊಂಡು ಹೋಗು. ಮುಂದಿನದೆಲ್ಲ ನಾನು ನೋಡ್ಕೋತೀನಿ."

"ಯಂತ್ರ ಅಂತಲೇ ಒಪ್ಪಿಕೊಂಡ್ಯಾ?"

"ನಿನಗೆ ಕೊಪ್ಪರಿಗೆ ಬೇಕೋ, ಕಥೆ ಬೇಕೋ? ಹೋಗಿ ತಗೊಂಡು ಬಾ."

ದೊಡ್ಡಕ್ಕನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೆ ಕೊಪ್ಪರಿಗೆ ಬರುತ್ತದೆ ಎನ್ನುವ ಸಂತೋಷದಲ್ಲಿ ಹೆಚ್ಚು ಕೆದಕಲಿಲ್ಲ. ಮಾರನೆಯ ಬೆಳಿಗ್ಗೆ ಲಾರಿ ಮಾಡಿಕೊಂಡು, ಡ್ರೈವರಿನ ಪಕ್ಕದಲ್ಲಿ ಕೂತು ಉಗ್ರಾಣಕ್ಕೆ ಹೋದಳು. ಹಮಾಲರು ಮೊದಲನೆಯ ಪೆಟ್ಟಿಗೆ ಏರಿಸಿದರು, ಎರಡನೆಯದನ್ನೂ ಏರಿಸಿದರು. ಲಾರಿಯ ಹಿಂಬಾಗಿಲು ಹಾಕಿ ಕೊಂಡಿ ಸಿಕ್ಕಿಸಿದರು.

"ಇನ್ನೊಂದು?" ಅಂದಳು.

ಉಗ್ರಾಣ ನೋಡಿಕೊಳ್ಳುವವನು ಅವಳ ಮುಖವನ್ನೇ ನೋಡಿದ. "ಇನ್ನೊಂದು ಯಾವುದಮ್ಮ?"

"ಮೂರನೇ ಪೆಟ್ಟಿಗೆ. ಕರೆಂಟಿನ ಡಬ್ಬಿ ಇರೋದು. ಅಗೋ, ಅಲ್ಲೇ ಇದೆಯಲ್ಲ."

"ಅದು ನೀವೇ ಬೇಡ ಅಂದಿರಲ್ಲ. ಬಿಟ್ಟುಕೊಟ್ಟಿದ್ದೀವಿ ಅಂತ ನಿಮ್ಮ ಏಜೆಂಟ್ ಬರೆದುಕೊಟ್ಟು ಹೋಗಿದ್ದಾರೆ. ಇನ್ನು ಅದು ಇಲಾಖೇದು. ಹರಾಜಿಗೆ ಹೋಗತ್ತೆ."

ದೊಡ್ಡಕ್ಕನಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಒಮ್ಮೆಲೇ ಎಲ್ಲ ಅರ್ಥವಾಯಿತು. ಕರೆಂಟಿನ ಡಬ್ಬಿ ಇಲ್ಲದಿದ್ದರೆ ಅದು ಯಂತ್ರವಲ್ಲ. ಒಂದು ದೊಡ್ಡ ಪಾತ್ರೆ, ಒಂದು ಕಬ್ಬಿಣದ ಸ್ಟ್ಯಾಂಡು, ಅಷ್ಟೇ. ತಾನು ಹೇಳಿದ ಸುಳ್ಳು ನಿಜವಾಗಲಿ ಎಂದು ತಮ್ಮ, ಯಂತ್ರದ ತಲೆಯನ್ನೇ ಕಡಿದು ಇಲ್ಲಿ ಬಿಟ್ಟಿದ್ದ.

ಅಲ್ಲೇ ನಿಂತು ಅವನಿಗೆ ಫೋನು ಹಚ್ಚಿದಳು.

"ಆ ಡಬ್ಬಿ ಎಲ್ಲೋ?"

"ಅಕ್ಕ, ಕೋಪ ಮಾಡ್ಕೋಬೇಡ. ಅಂಥ ಡಬ್ಬಿ ನಮ್ಮ ಪೇಟೇಲೇ ಸಿಗತ್ತೆ. ನನಗೊಬ್ಬ ಮೆಕ್ಯಾನಿಕ್ ಗೊತ್ತು. ಒಂದು ಸ್ವಿಚ್ಚು, ಒಂದು ನಲ್ಲಿ, ಏನೋ ಜೋಡಿಸಿಕೊಡ್ತಾನೆ."

"ಏನೋ ಜೋಡಿಸ್ತಾನೆ?"

"ಹೂಂ. ಅಷ್ಟಕ್ಕೆ ಯಾಕೆ..."

"ಏನೋ ಅಂದ್ರೆ ಏನೋ? ಒಳಗೆ ಹಬೆ ಕಟ್ಟಿಕೊಂಡಾಗ ಹೊರಗೆ ಬಿಡೋದು ಯಾರು? ನಿನ್ನ ಮೆಕ್ಯಾನಿಕ್ ಬಂದು ಊದ್ತಾನಾ? ಅದರ ಪಕ್ಕದಲ್ಲಿ ನಿಲ್ಲೋರು ನನ್ನ ಜನ ಕಣೋ, ನಿನ್ನ ಹೆಂಡ್ತಿ ಮಕ್ಕಳಲ್ಲ!"

ಅವನು ಇನ್ನೇನೋ ಹೇಳುವಷ್ಟರಲ್ಲಿ ಫೋನು ಕತ್ತರಿಸಿ ಚೀಲಕ್ಕೆ ಹಾಕಿದಳು. ಲಾರಿಯ ಹಿಂದೆ ಹೋಗಿ ಕೊಂಡಿಯನ್ನು ತಾನೇ ಬಡಿದು ತೆಗೆದಳು.

"ಇಳಿಸಿ."

"ಏನಮ್ಮ?" ಹಮಾಲರು ಬೆವರು ಒರೆಸಿಕೊಳ್ಳುತ್ತಿದ್ದರು.

"ಎರಡೂ ಇಳಿಸಿ ಅಂದೆ. ನಿಮ್ಮ ಕೂಲಿ ಎಲ್ಲೂ ಹೋಗಲ್ಲ. ಇಳಿಸಿ, ಆ ಮೂರನೇದರ ಪಕ್ಕದಲ್ಲೇ ಇಡಿ."

"ಎದೆ ಒಡೆದು ಏರಿಸಿದ್ದೀವಿ" ಎಂದು ಒಬ್ಬ ಗೊಣಗಿದ. ಆದರೆ ಅವಳ ಕಣ್ಣು ನೋಡಿ ಮುಂದೆ ಮಾತಾಡಲಿಲ್ಲ.

ಅಧಿಕಾರಿಯ ಕೋಣೆ ಮೇಲಿನ ಮಹಡಿಯಲ್ಲಿತ್ತು. ಬಾಗಿಲಲ್ಲಿ ಜವಾನ ತಡೆದ. ದೊಡ್ಡಕ್ಕ ಅವನ ಪಕ್ಕದಿಂದ ಒಳಗೆ ನುಗ್ಗಿದಳು. ಅಧಿಕಾರಿ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದ.

"ಸಾರ್, ನನಗೆ ಮೂರೂ ಪೆಟ್ಟಿಗೆ ಬೇಕು. ಬಿಟ್ಟುಕೊಟ್ಟಿದ್ದು ನಾನಲ್ಲ. ಯಂತ್ರ ಅಂತಲೇ ಬರ್ಕೊಳ್ಳಿ. ಎಷ್ಟು ಸುಂಕವೋ ಹಾಕಿ, ಯಾವ ಪರೀಕ್ಷೆಯೋ ಮಾಡಿ."

ಅಧಿಕಾರಿ ತುತ್ತು ನುಂಗಿ ನೀರು ಕುಡಿದ. "ಮುಗಿದುಹೋಗಿದ್ದ ಕೇಸಮ್ಮ ಇದು. ಸಾಮಾನು ಸಿಕ್ಕಿತ್ತು, ದಂಡ ಇರಲಿಲ್ಲ. ನೀವೇ ಮತ್ತೆ ತೆರೀತಿದ್ದೀರಿ."

"ತೆರೀತೀನಿ."

"ಯೋಚನೆ ಮಾಡಿ. ಇದು ಯಂತ್ರ ಅಂತ ಬರೆದ ತಕ್ಷಣ ಮೊದಲು ತೋರಿಸಿದ್ದು ಸುಳ್ಳು ಅಂತಾಗತ್ತೆ. ಸುಳ್ಳು ಅಂದ ಮೇಲೆ ಹೇಳಿದ್ದು ಯಾರು ಅನ್ನೋ ಪ್ರಶ್ನೆ ಬರತ್ತೆ. ನಿಮಗೆ ಗೊತ್ತಿದ್ದು ಮಾಡಿಸಿದ್ರಾ, ಇಲ್ಲಾ ನಿಮ್ಮ ಏಜೆಂಟ್ ತಾನೇ ಮಾಡಿದ್ನಾ? ಗೊತ್ತಿದ್ರೆ ನಿಮಗೆ ದೊಡ್ಡ ದಂಡ. ಗೊತ್ತಿಲ್ಲದಿದ್ರೆ ಅವನ ಲೈಸೆನ್ಸು ಹೋಗತ್ತೆ." ಅವನು ಡಬ್ಬಿಯ ಮುಚ್ಚಳ ಹಾಕಿದ. "ಅವನು ನಿಮ್ಮ ಸ್ವಂತ ತಮ್ಮ ಅಂತೆ?"

ಆ ಕೊನೆಯ ಮಾತನ್ನು ಅವನು ಸವಿದುಕೊಂಡು ಹೇಳಿದ ಹಾಗೆ ಅವಳಿಗೆ ಕಂಡಿತು. ನಿಯಮ ಅವನ ಕಡೆಗಿದೆ, ಅದನ್ನು ಅವಳು ಒಪ್ಪಿದ್ದಳು. ಆದರೆ ನಿಯಮ ಜೊತೆಗಿರುವವನಿಗೆ ಇಷ್ಟು ಖುಷಿ ಯಾಕಿರಬೇಕು?

"ವಿಚಾರಣೆ ಯಾವತ್ತು ಅಂತ ಹೇಳಿ. ಬರ್ತೀನಿ" ಅಂದಳು.

ಮುಂದಿನ ವಾರ ಮನೆ ರಣರಂಗವಾಯಿತು. ತಮ್ಮ ಬರಲಿಲ್ಲ, ಅಮ್ಮನ ಬಾಯಲ್ಲಿ ಹೇಳಿಸಿದ. ಅಮ್ಮ ಬೆಳಿಗ್ಗೆ ಎದ್ದರೆ ಶುರುಮಾಡುತ್ತಿದ್ದಳು.

"ಗೊತ್ತಿತ್ತು ಅಂತ ಒಂದು ಮಾತು ಹೇಳಿಬಿಡು. ದಂಡ ತಾನೆ? ನಿನ್ನ ಅಡುಗೆಮನೆ ತಡ್ಕೊಳ್ಳತ್ತೆ. ಅವನ ಲೈಸೆನ್ಸು ಹೋದ್ರೆ ಅವನ ಸಂಸಾರದ ಗತಿ?"

"ನಾನು ಮಾಡದೇ ಇರೋ ತಪ್ಪನ್ನ ನನ್ನ ತಲೆಗೆ ಕಟ್ಕೊಳ್ಳಾ?"

"ಅಕ್ಕ ಅಂದ್ರೆ ಇನ್ನೇನೇ ಮತ್ತೆ? ಚಿಕ್ಕವನಿದ್ದಾಗ ಅವನು ಗಾಜು ಒಡೆದ್ರೆ ನೀನೇ ಒಡೆದೆ ಅಂತ ಹೇಳ್ತಿದ್ದೆ."

"ಅದಕ್ಕೇ ಅವನು ಇನ್ನೂ ಒಡೀತಾನೇ ಇದ್ದಾನೆ!" ದೊಡ್ಡಕ್ಕನ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. "ನಿನಗೂ ಸೇರಿಸಿ ಹೇಳ್ತಿದ್ದೀನಿ ಅಮ್ಮ. ನಾನು ಒಪ್ಪಿಕೊಂಡಾಗೆಲ್ಲ ನನ್ನನ್ನ ಹೊಡೆದೆ, ಅವನಿಗೆ ತಿಂಡಿ ಕೊಟ್ಟೆ. ನಿನಗೂ ಗೊತ್ತಿತ್ತು ಒಡೆದಿದ್ದು ಯಾರು ಅಂತ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ದೊಡ್ಡಕ್ಕ ತಾನು ಹೇಳಿದ್ದಕ್ಕೆ ಬೆಚ್ಚಿ ನಿಂತಳು. ಇಷ್ಟು ವರ್ಷ ಅದು ತನ್ನೊಳಗೆ ಕೂತಿತ್ತು ಎಂದು ಅವಳಿಗೇ ತಿಳಿದಿರಲಿಲ್ಲ.

ಅಡುಗೆಮನೆಗೆ ಹೋದರೆ ಅಲ್ಲಿಯೂ ಸುದ್ದಿ ಹಬ್ಬಿತ್ತು. ಗುಡುಗು ಸ್ಟೂಲಿನ ಮೇಲೆ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದವನು ಚಾಕು ಕೆಳಗಿಟ್ಟ. ಎಂದೂ ಇಲ್ಲದಷ್ಟು ಮೆಲ್ಲಗೆ ಮಾತಾಡಿದ.

"ದೊಡ್ಡಕ್ಕ, ನನ್ನ ಕಾಲಿನ ನೆಪದಲ್ಲಿ ತಮ್ಮನ್ನ ಕಳ್ಕೋಬೇಡಿ. ನಾವು ಹುಷಾರಾಗಿ ಎತ್ತಿ ಇಳಿಸ್ತೀವಿ. ಇಷ್ಟು ದಿನ ನಡೀಲಿಲ್ವಾ?"

"ನಡೀತಾ? ನಿನಗೆ ನಡೆಯೋಕೆ ಆಗತ್ತಾ ಮೊದಲು ಹೇಳು!"

ಅಡುಗೆಮನೆಯಲ್ಲಿ ಚಾಕುಗಳ ಸದ್ದು ನಿಂತಿತು. ಗುಡುಗು ತಲೆ ತಗ್ಗಿಸಿದ. ದೊಡ್ಡಕ್ಕ ಅವನ ಎದುರು ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಕೂತಳು. "ತಪ್ಪಾಯ್ತು. ನಿನ್ನ ಮೇಲೆ ರೇಗಬಾರದಿತ್ತು. ಆದ್ರೆ ನೀನೂ ಹಾಗನ್ನಬೇಡ. ಎಲ್ಲರೂ ನನಗೆ ಹುಷಾರಾಗಿರು, ಹೊಂದಿಕೊಂಡು ಹೋಗು ಅಂತಾರೆ. ಸುಟ್ಟುಕೊಂಡವನೂ ಹಾಗೇ ಅಂದ್ರೆ ನಾನು ಎಲ್ಲಿಗೆ ಹೋಗಲಿ?"

ಗುಡುಗು ಕೆಳಗಿಟ್ಟ ಚಾಕುವನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು ಉಳಿದವರ ಕಡೆ ತಿರುಗಿ, "ಏನ್ರೋ ಬಾಯಿ ಬಿಟ್ಕೊಂಡು ನೋಡ್ತೀರಾ? ಈರುಳ್ಳಿ ತಾನೇ ಹೆಚ್ಕೊಳ್ಳತ್ತಾ?" ಎಂದು ಅಬ್ಬರಿಸಿದ.

ವಿಚಾರಣೆಯ ದಿನ ಕೋಣೆಯಲ್ಲಿ ಉದ್ದನೆಯ ಮೇಜು, ಒಂದು ಕಡೆ ಅಧಿಕಾರಿ, ಪಕ್ಕದಲ್ಲಿ ಹೇಳಿಕೆ ಬೆರಳಚ್ಚು ಮಾಡುವ ಹುಡುಗಿ. ಎದುರುಗಡೆ ಅಕ್ಕ ತಮ್ಮಂದಿರು, ನಡುವೆ ಒಂದು ಖಾಲಿ ಕುರ್ಚಿ. ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಅವಳು ಒಳಗೆ ಬಂದಾಗ, "ಊಟ ಆಯ್ತಾ ಅಕ್ಕ?" ಎಂದು ಕೇಳಿದ. ಆ ಪ್ರಶ್ನೆಯಲ್ಲಿ ನಂಬಿಕೆಯಿತ್ತು. ಅಕ್ಕ ಕೊನೆಗೆ ತನ್ನ ಕಡೆಗೇ ವಾಲುತ್ತಾಳೆ ಎನ್ನುವ ನಂಬಿಕೆ. ಅದನ್ನು ನೋಡಿ ಅವಳಿಗೆ ಸಿಟ್ಟು ಉಕ್ಕಿತು.

"ಮೂರು ಪೆಟ್ಟಿಗೆಯ ಸಾಮಾನನ್ನ ಬೇರೆ ಬೇರೆ ಅಂತ ತೋರಿಸಿದ್ದು ನಿಮಗೆ ಗೊತ್ತಿತ್ತಾ?" ಅಧಿಕಾರಿ ಕೇಳಿದ.

ದೊಡ್ಡಕ್ಕ ತಮ್ಮನ ಕಡೆ ತಿರುಗಿದಳು. ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಇಲ್ಲ" ಅಂದಳು. "ಗೊತ್ತಿದ್ರೆ ಬಿಡ್ತಾನೇ ಇರಲಿಲ್ಲ."

ತಮ್ಮ ಅವಳಿಂದ ಕಣ್ಣು ಕಿತ್ತು ಮೇಜಿನ ಕಡೆ ನೋಡಿದ.

"ಮೂರನೇ ಪೆಟ್ಟಿಗೆ ಬಿಟ್ಟುಕೊಡೋದಕ್ಕೆ ನೀವು ಹೇಳಿದ್ರಾ?"

"ಇಲ್ಲ. ಅದೂ ಗೊತ್ತಿರಲಿಲ್ಲ. ಲಾರಿ ತುಂಬಿದ ಮೇಲೆ ಗೊತ್ತಾಯ್ತು."

ಹುಡುಗಿಯ ಬೆರಳುಗಳು ಟಕಟಕ ಓಡಿದವು. ಅಧಿಕಾರಿ ಹಾಳೆ ತರಿಸಿ, ಸಹಿ ಹಾಕಿ ಎಂದು ಅವಳ ಮುಂದೆ ಸರಿಸಿದ. ದೊಡ್ಡಕ್ಕ ಪೆನ್ನು ತೆಗೆದುಕೊಳ್ಳಲಿಲ್ಲ.

"ಇನ್ನೊಂದು ಮಾತು ಸೇರಿಸ್ಬೇಕು ಸಾರ್. ಮೊದಲನೇ ದಿನ ನಾನು ನಿಮ್ಮ ಮುಂದೆ ನಿಂತು ಆ ಡಬ್ಬಿ ಏನು ಅಂತ ಹೇಳಿದ್ದೆ. ಅದಿಲ್ದೆ ಹಚ್ಚಿದ್ರೆ ಬಾಂಬ್ ಅಂದಿದ್ದೆ. ನೀವೇ ಬರ್ಕೊಂಡಿದ್ರಿ. ಆಮೇಲೆ ಅದನ್ನ ಬಿಟ್ಟು ಉಳಿದದ್ದನ್ನ ಕೊಡೋಕೆ ಒಪ್ಪಿದವರೂ ನೀವೇ. ಅದನ್ನೂ ಬರೀರಿ."

"ಅದು ಈ ವಿಚಾರಣೆಗೆ ಸಂಬಂಧಿಸಿದ್ದಲ್ಲಮ್ಮ."

"ನಿಮಗೆ ಗೊತ್ತಿತ್ತಾ ಅಂತ ನನ್ನನ್ನ ಕೇಳ್ತೀರಿ, ಇವನನ್ನ ಕೇಳ್ತೀರಿ. ನಿಮಗೆ ಗೊತ್ತಿತ್ತಲ್ಲ, ನಿಮ್ಮನ್ನ ಯಾರು ಕೇಳ್ತಾರೆ?" ಅಳು ಬರುತ್ತದೆಂದು ಹೆದರಿ ಇನ್ನಷ್ಟು ಗಟ್ಟಿಯಾಗಿ ಮಾತಾಡಿದಳು. "ಇವನು ಸುಳ್ಳು ಹೇಳಿದ, ಒಪ್ತೀನಿ. ಅದಕ್ಕೆ ಇವನಿಗೆ ಶಿಕ್ಷೆ ಆಗತ್ತೆ. ತಲೆ ಇಲ್ಲದ ಯಂತ್ರವನ್ನ ನನ್ನ ಲಾರಿಗೆ ಏರಿಸಿ ಕಳಿಸ್ತಿದ್ರಲ್ಲ, ನಿಮಗೇನು? ಪಟ್ಟಿಯ ಸಾಲು ಸರಿಹೋಯ್ತು, ಊಟದ ಡಬ್ಬಿ ಬಿಚ್ಚಿದ್ರಿ. ಬರೆಯೋವರೆಗೂ ಸಹಿ ಹಾಕಲ್ಲ. ನೀವು ಸಾಯಂಕಾಲದವರೆಗೆ ಕೂತ್ಕೊಂಡ್ರೂ ಸರಿ, ನಾನೂ ಕೂತ್ಕೋತೀನಿ."

ಅಧಿಕಾರಿಯ ಕಿವಿ ಕೆಂಪಾಯಿತು. ಹೊರಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದ. ಮತ್ತೆ ಕೂತ. ಕೊನೆಗೆ ಹುಡುಗಿಗೆ ಒಂದು ವಾಕ್ಯ ಹೇಳಿ ಬರೆಸಿದ. ದೊಡ್ಡಕ್ಕ ಅದನ್ನು ಓದಿ, ಎರಡನೆಯ ಸಲ ಓದಿ, ಸಹಿ ಹಾಕಿದಳು. ಆ ಒಂದು ವಾಕ್ಯದಿಂದ ಆ ಅಧಿಕಾರಿಗೆ ಮುಂದೆ ಏನೂ ಆಗಲಿಲ್ಲ. ಅವನು ಅದೇ ಕುರ್ಚಿಯಲ್ಲೇ ಉಳಿದ.

ತೀರ್ಪು ಬಂತು. ಮೂರೂ ಸೇರಿ ಒಂದೇ ಯಂತ್ರ, ಅದು ದೊಡ್ಡ ಅಡುಗೆಮನೆಗಳಲ್ಲಿ ಬಳಸುವಂಥದ್ದು ಎಂದಾಯಿತು. ಸುಂಕದ ಜೊತೆ ಸರಕಿನ ಮಾಲೀಕಳಾದ ತಪ್ಪಿಗೆ ಒಂದಿಷ್ಟು ದಂಡವೂ ಬಿತ್ತು. ಗೊತ್ತಿಲ್ಲದೆ ಆದದ್ದಕ್ಕೂ ದಂಡ ಇದ್ದೇ ಇರುತ್ತದಂತೆ. ದೊಡ್ಡಕ್ಕ ಗೊಣಗದೆ ಕಟ್ಟಿದಳು. ಸುರಕ್ಷತಾ ಪರೀಕ್ಷೆಯವರು ಬಂದು ನೋಡಿ ಮುದ್ರೆ ಒತ್ತಿದರು. ತಮ್ಮನ ಲೈಸೆನ್ಸನ್ನು ಅಮಾನತಿನಲ್ಲಿಟ್ಟರು. ಅವನು ಕಚೇರಿಗೆ ಬೀಗ ಹಾಕಿ, ತನಗಿಂತ ಚಿಕ್ಕ ವಯಸ್ಸಿನ ಏಜೆಂಟ್ ಒಬ್ಬನ ಕೈಕೆಳಗೆ ಕೆಲಸಕ್ಕೆ ಸೇರಿದ. ಅಮ್ಮ ತನ್ನ ಬಟ್ಟೆ, ಔಷಧಿ ಎಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಮಗನ ಮನೆಗೆ ಹೋದಳು. ಹೋಗುವಾಗ, "ಗೆದ್ದೆಯಲ್ಲ, ಇನ್ನು ಒಬ್ಬಳೇ ಕೂತ್ಕೊಂಡು ಉಣ್ಣು" ಅಂದಳು.

ಗೆದ್ದ ಹಾಗೆ ದೊಡ್ಡಕ್ಕನಿಗೆ ಅನಿಸಲಿಲ್ಲ. ಕೊಪ್ಪರಿಗೆಯನ್ನು ಜೋಡಿಸಿ ನಿಲ್ಲಿಸಿ, ಮೊದಲ ಗಂಜಿ ಬೆಂದು, ಗುಡುಗು ಕುಂಟುತ್ತ ಬಂದು ಗಾಲಿ ತಿರುಗಿಸಿದಾಗ, ಅದು ನಿಧಾನವಾಗಿ ಬಾಗಿ, ಬಿಳಿಯ ಗಂಜಿ ಕೆಳಗಿನ ಪಾತ್ರೆಗಳಿಗೆ ಇಳಿಯಿತು. ಯಾರೂ ಏನನ್ನೂ ಎತ್ತಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಹಿಂದಿನ ಕೋಣೆಗೆ ಹೋಗಿ ಅಕ್ಕಿಯ ಮೂಟೆಗಳ ನಡುವೆ ನಿಂತು, ಯಾರ ಮೇಲೆಂದು ತಿಳಿಯದ ಸಿಟ್ಟಿನಲ್ಲಿ ಮೂಟೆಯೊಂದಕ್ಕೆ ಮುಷ್ಟಿಯಿಂದ ಗುದ್ದಿದಳು.

ಬಹಳ ದಿನಗಳ ಮೇಲೆ ಒಂದು ಮಧ್ಯಾಹ್ನ ತಮ್ಮ ಅವಳ ಅಡುಗೆಮನೆಗೆ ಬಂದ. ಇಳಿದುಹೋಗಿದ್ದ. ಊಟದ ಗಾಡಿಗಳು ಆಸ್ಪತ್ರೆಗೆ ಹೋಗಿಯಾಗಿತ್ತು. ದೊಡ್ಡಕ್ಕ ಕೊಪ್ಪರಿಗೆಯ ಒಳಭಾಗವನ್ನು ಉಜ್ಜಿ ತೊಳೆಯುತ್ತಿದ್ದಳು.

"ಅಮ್ಮನ ಮಾತ್ರೆ ಚೀಟಿ ನಿನ್ನ ಹತ್ರಾನೇ ಉಳಿದಿದೆಯಂತೆ" ಅಂದ.

"ಮನೇಲಿದೆ. ಕಳಿಸ್ತೀನಿ."

ಅವನು ಹೋಗಲಿಲ್ಲ. ಯಂತ್ರದ ಸುತ್ತ ಒಂದು ಸುತ್ತು ಬಂದ. "ಒಂದೇ ಒಂದು ಮಾತು ಅಕ್ಕ. 'ಗೊತ್ತಿತ್ತು' ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಇವತ್ತು ನಾನು ನಿನ್ನೆ ಮೊನ್ನೆ ಹುಟ್ಟಿದವನ ಮುಂದೆ ಕೈಕಟ್ಟಿ ನಿಲ್ತಿದ್ದೀನಿ."

ದೊಡ್ಡಕ್ಕ ಉಜ್ಜುವುದನ್ನು ನಿಲ್ಲಿಸಿದಳು. "ನಾನೊಂದು ಕೇಳ್ತೀನಿ, ನಿಜ ಹೇಳು. ಆ ಡಬ್ಬಿ ಬೇಡ ಅಂತ ಬರೆದುಕೊಡುವಾಗ, ಇದರ ಪಕ್ಕದಲ್ಲಿ ಯಾರು ನಿಲ್ತಾರೆ ಅಂತ ನಿನಗೆ ಒಂದು ಸಲನಾದ್ರೂ ತಲೇಗೆ ಬಂತಾ?"

ಅವನು ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ಅದನ್ನೇ ನೋಡಿದ.

"ಇಲ್ಲ" ಅಂದ. "ಬರಲಿಲ್ಲ."

ಅವಳು ಅವನನ್ನೇ ದಿಟ್ಟಿಸಿದಳು. ಈ ಇಡೀ ಗಲಾಟೆಯಲ್ಲಿ ಅವನ ಬಾಯಿಂದ ಬಂದ ಮೊದಲ ನಿಜ ಅದು. ಅದರಿಂದ ಅವಳ ಸಿಟ್ಟು ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ಆದರೆ ಇಷ್ಟು ದಿನ ಎತ್ತೆತ್ತಲೋ ಹಾರುತ್ತಿದ್ದ ಸಿಟ್ಟಿಗೆ ಈಗ ಒಂದು ನೆಲೆ ಸಿಕ್ಕ ಹಾಗಾಯಿತು.

"ಹಾಗಾದ್ರೆ ಹೋಗು" ಅಂದಳು. "ನನಗೆ ಇನ್ನೂ ಕೋಪ ಇದೆ. ಎಷ್ಟು ದಿನ ಇರತ್ತೋ ಗೊತ್ತಿಲ್ಲ. ಅಮ್ಮನಿಗೆ ಭಾನುವಾರ ನಾನೇ ಬಂದು ಮಾತ್ರೆ ಚೀಟಿ ಕೊಡ್ತೀನಿ ಅಂತ ಹೇಳು. ನೀನು ಮನೇಲಿದ್ರೆ ಇರು, ಎದ್ದು ಹೊರಗೆ ಹೋಗ್ಬೇಕಾಗಿಲ್ಲ. ಮಾತಾಡಿಸ್ತೀನಿ ಅಂತ ಮಾತ್ರ ಕಾಯಬೇಡ."

ತಮ್ಮ ತಲೆಯಾಡಿಸಿ ಬಾಗಿಲ ಕಡೆ ನಡೆದ. ದೊಡ್ಡಕ್ಕ ತೋಳು ಮಡಿಸಿಕೊಂಡು ಮತ್ತೆ ಕೊಪ್ಪರಿಗೆಯೊಳಗೆ ಬಾಗಿದಳು. ಸಾಯಂಕಾಲದ ಸೂಪಿಗೆ ನೀರು ಇಡುವ ಹೊತ್ತಾಗಿತ್ತು.